ಗೃಹಲಕ್ಷ್ಮಿ ದುಡ್ಡು ನಂಬಿ ಕಂತು ಒಪ್ಪಿಕೊಳ್ಳಬೇಡಿ

ಗೃಹಲಕ್ಷ್ಮಿ ದುಡ್ಡು ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಇಂಥ ತಾರೀಕಿಗೇ ಬರುತ್ತದೆ ಅಂತ ಯಾರೂ ಹೇಳಲಾರರು. ಒಂದು ತಿಂಗಳು ಬಂತು ಅಂದರೆ ಆಮೇಲೆ ಎರಡು ತಿಂಗಳು ಸುಳಿವಿರುವುದಿಲ್ಲ. ಇನ್ನೇನು ಮರೆತೇ ಹೋಯಿತು ಅನ್ನುವಾಗ ಎರಡು ಕಂತು ಒಟ್ಟಿಗೆ ಬಂದು ಬೀಳುತ್ತದೆ. ಆದರೆ ಸಾಲ ಕೊಟ್ಟ ಫೈನಾನ್ಸಿನವರು ಹಾಗಲ್ಲ. ಮಂಗಳವಾರ ಅಂದರೆ ಮಂಗಳವಾರವೇ, ಬೆಳಿಗ್ಗೆ ಬಂದು ಜಗಲಿ ಮೇಲೆ ಕೂತಿರುತ್ತಾರೆ. ಅದಕ್ಕೇ ಮಂಡ್ಯದ ನಮ್ಮ ಬೀದಿಯ ಹೆಣ್ಣುಮಕ್ಕಳು ಮನೆ ಖರ್ಚಿನ ಲೆಕ್ಕ ಕೇಳಿಕೊಂಡು ಬಂದರೆ ನಾನು ಮೊದಲು ಹೇಳುವುದು ಇದನ್ನೇ. ಬರುವ ದಿನ ಗೊತ್ತಿಲ್ಲದ ದುಡ್ಡನ್ನು ನಂಬಿಕೊಂಡು, ಕಟ್ಟುವ ದಿನ ಗೊತ್ತಿರುವ ಸಾಲ ಮಾಡಬೇಡಿ.

ಅಂಗನವಾಡಿ ಕೆಲಸದಲ್ಲಿದ್ದು ಈಗ ಮನೆಯಲ್ಲಿದ್ದೇನೆ. ಯೋಜನೆಗಳು ಬಂದದ್ದು ಹೋದದ್ದು ಎಲ್ಲ ನೋಡಿದ್ದೇನೆ. ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರ ಮಾತು ನನಗೆ ಹಿಡಿಸುವುದಿಲ್ಲ. ಕೂಲಿ ಮಾಡುವ ಮನೆಯ ಅಂಗಡಿ ಚೀಟಿಯನ್ನು ಅವರು ಒಂದು ಸಲ ಓದಲಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾದ ಯೋಜನೆ ಇದು. ತಿಂಗಳಿಗೆ 2,000 ರೂಪಾಯಿ, ಅದೂ ಹೆಂಗಸಿನ ಖಾತೆಗೆ. ನಮ್ಮ ಕಾಲದಲ್ಲಿ ಹೆಂಗಸಿನ ಕೈಗೆ ಸಾಸಿವೆ ಡಬ್ಬಿಯ ಚಿಲ್ಲರೆ ಬಿಟ್ಟರೆ ಬೇರೆ ದುಡ್ಡು ಎಲ್ಲಿತ್ತು?

ಸರಿ, ಬಂದ ದುಡ್ಡನ್ನು ಏನು ಮಾಡುವುದು? ವಾರ ವಾರದ ಖರ್ಚು ಕೂಲಿ ದುಡ್ಡಿನಲ್ಲೇ ನಡೆಯಲಿ. ಗೃಹಲಕ್ಷ್ಮಿ ಬಂದ ದಿನ ಏನನ್ನೂ ಕೊಳ್ಳಬೇಡಿ, ಮಾರನೆಯ ದಿನ ನೋಡಿದರಾಯಿತು. ಮೊದಲು ಅಂಗಡಿ ಉದ್ರಿ ತೀರಿಸಿ. ಉದ್ರಿ ಇರುವ ಅಂಗಡಿಯಲ್ಲಿ ನಿಮಗೆ ಚೌಕಾಸಿ ಮಾಡುವ ಬಾಯಿ ಇರುವುದಿಲ್ಲ, ಅವನು ಹೇಳಿದ ರೇಟಿಗೆ ಕೊಟ್ಟ ಸಾಮಾನು ತರಬೇಕು. ಪಕ್ಕದ ಅಂಗಡಿಯಲ್ಲಿ ಎಣ್ಣೆ ಐದು ರೂಪಾಯಿ ಕಡಿಮೆ ಇದ್ದರೂ ಅಲ್ಲಿಗೆ ಹೋಗುವ ಹಾಗಿಲ್ಲ. ಉದ್ರಿ ತೀರಿದ ಮೇಲೆ ಸಿಲಿಂಡರ್ ತುಂಬಿಸಿ. ಉಜ್ವಲ ಸಂಪರ್ಕ ಇದ್ದವರಿಗೆ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಇದೆ. ಆದರೆ ಅದು ಖಾತೆಗೆ ಆಮೇಲೆ ಬರುತ್ತದೆ, ಮೊದಲು ಪೂರ್ತಿ ದುಡ್ಡು ನಾವೇ ಕೊಡಬೇಕು. ಕೈಯಲ್ಲಿ ಅಷ್ಟು ಇಲ್ಲ ಅಂತಲೇ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಖಾಲಿ ಕೂತಿರುತ್ತದೆ. ಇನ್ನೂ ಉಳಿದರೆ ಎರಡು ತಿಂಗಳಿಗಾಗುವಷ್ಟು ಬೇಳೆ ಎಣ್ಣೆ ತಂದುಬಿಡಿ.

ಅತ್ತೆ ಹೆಸರಲ್ಲಿ ದುಡ್ಡು ಬರುತ್ತೆ, ನನಗೆ ಒಂದು ಪೈಸೆ ಕೊಡಲ್ಲ ಅಂತ ಬರುವ ಸೊಸೆಯರೂ ಇದ್ದಾರೆ. ಅದಕ್ಕೆ ಯಾರೋ ಊರಿನವರು ಕಾರಣ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಮನೆಯ ಹಿರಿಯ ಹೆಂಗಸು ರೇಷನ್ ಕಾರ್ಡಿನ ಯಜಮಾನಿ ಅಂತಿದೆ. ಗೃಹಲಕ್ಷ್ಮಿಯೂ ಆ ಯಜಮಾನಿಯ ಹಿಂದೆಯೇ ಹೋಗುತ್ತದೆ. ಇದಕ್ಕಾಗಿ ಕಾರ್ಡ್ ಒಡೆದು ಮನೆ ಒಡೆಯುವುದು ನನಗೆ ಸರಿ ಕಾಣುವುದಿಲ್ಲ. ಅತ್ತೆ ಸಿಲಿಂಡರ್ ಮತ್ತು ಬೇಳೆ ನೋಡಿಕೊಳ್ಳಲಿ, ಸೊಸೆ ಮಕ್ಕಳ ಸ್ಕೂಲು ನೋಡಿಕೊಳ್ಳಲಿ. ಇಷ್ಟು ಮಾತಾಡಿಕೊಂಡರೆ ಸಾಕು, ಅಲ್ವಾ? ಒಂದು ಮಾತ್ರ ಮರೆಯಬೇಡಿ. ಯಜಮಾನಿ ತೀರಿಕೊಂಡರೆ ಕಾರ್ಡಿನಲ್ಲಿ ಹೆಸರು ಬದಲಾಯಿಸಿ, ಹೊಸ ಯಜಮಾನಿ ಹೆಸರಲ್ಲಿ ಮತ್ತೆ ಅರ್ಜಿ ಹಾಕಬೇಕು. ತಿಥಿ ಮುಗಿದ ಮೇಲೆ ಆ ಕೆಲಸ ಯಾರಿಗೂ ನೆನಪಾಗುವುದಿಲ್ಲ.

ಈಗ ಅಕ್ಕಿ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ನನಗೆ ದುಡ್ಡಿಗಿಂತ ಕಾಳೇ ವಾಸಿ ಅನ್ನಿಸುತ್ತದೆ. ಖಾತೆಗೆ ಬಿದ್ದ 170 ಎಲ್ಲಿ ಹೋಯಿತು ಅಂತ ತಿಂಗಳ ಕೊನೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಬ್ಬದಲ್ಲಿರುವ ಅಕ್ಕಿ ಡಬ್ಬದಲ್ಲೇ ಇರುತ್ತದೆ.

ಆ ಅಕ್ಕಿಯನ್ನು ಬಾಗಿಲಿಗೆ ಬರುವವನಿಗೆ ಮಾರಿ, ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಸೋನಾಮಸೂರಿ ತರುವ ಮನೆಗಳಿವೆ. ಮಾರುವುದು ಕಾನೂನಿಗೆ ವಿರುದ್ಧ, ಅದು ಒಂದು. ಇನ್ನೊಂದು, ಅವನು ಕೊಡುವುದು ಚಿಲ್ಲರೆ ಕಾಸು, ನೀವು ಕೊಳ್ಳುವಾಗ ಅದರ ಎರಡರಷ್ಟು ಮೂರರಷ್ಟು ತೆರಬೇಕು. ಸೊಸೈಟಿ ಅಕ್ಕಿ ಅನ್ನ ಮುದ್ದೆಯಾಗುತ್ತೆ ಅಂತ ತಾನೇ ದೂರು? ಅರ್ಧ ಗಂಟೆ ನೆನೆಸಿ, ನೀರು ಸ್ವಲ್ಪ ಕಡಿಮೆ ಇಟ್ಟು ಮಾಡಿ ನೋಡಿ. ಆಗಲೂ ಹಿಡಿಸದಿದ್ದರೆ ಆ ಅಕ್ಕಿಯನ್ನು ದೋಸೆಗೆ, ಇಡ್ಲಿಗೆ, ರೊಟ್ಟಿ ಹಿಟ್ಟಿಗೆ ಇಟ್ಟುಕೊಳ್ಳಿ. ಮಧ್ಯಾಹ್ನದ ಅನ್ನಕ್ಕೆ ಮಾತ್ರ ಒಳ್ಳೆ ಅಕ್ಕಿ ತನ್ನಿ. ತಿಂಗಳಿಗೆ ಅಂಗಡಿ ಅಕ್ಕಿ ತರುವುದು ಅರ್ಧಕ್ಕೆ ಇಳಿಯುತ್ತದೆ.

ಇನ್ನು ಪ್ಲಾಸ್ಟಿಕ್ ಅಕ್ಕಿ ಅನ್ನುವ ಗುಲ್ಲು. ರೇಷನ್ ಅಕ್ಕಿಯಲ್ಲಿ ಬೇರೆ ಬಣ್ಣದ, ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರುವ ಕಾಳು ಅಲ್ಲೊಂದು ಇಲ್ಲೊಂದು ಸಿಗುತ್ತದೆ. ತೊಳೆಯುವಾಗ ಕೆಲವು ತೇಲುತ್ತವೆ. ನಮ್ಮ ಬೀದಿಯಲ್ಲಿ ಅದನ್ನು ಮೊರದಲ್ಲಿ ಹರಡಿಕೊಂಡು ಒಂದೊಂದಾಗಿ ಆರಿಸಿ ಬಿಸಾಡುವವರನ್ನು ನೋಡಿದ್ದೇನೆ. ಅದು ಪ್ಲಾಸ್ಟಿಕ್ ಅಲ್ಲ ಕಣ್ರಮ್ಮ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಕಾಳಿನ ಹಾಗೆ ಮಾಡಿರುತ್ತಾರೆ. ನೂರು ಕೆಜಿಗೆ ಒಂದು ಕೆಜಿಯಂತೆ ಬೆರೆಸಿರುತ್ತಾರೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆಂದೇ ಮಾಡಿದ್ದನ್ನು ನಾವು ಆರಿಸಿ ಕೋಳಿಗೆ ಹಾಕುತ್ತೇವೆ! ಅಕ್ಕಿಯನ್ನು ಒಂದೆರಡು ಸಲ ತೊಳೆದರೆ ಸಾಕು, ನಾಲ್ಕೈದು ಸಲ ಉಜ್ಜಬೇಡಿ. ಮನೆಯಲ್ಲಿ ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆ ಇರುವವರಿದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಹುಳ ಬಿದ್ದರೆ ಬಿಸಿಲಿಗೆ ಹಾಕಬೇಡಿ, ಅಕ್ಕಿ ಬಿರುಕು ಬಿಟ್ಟು ನುಚ್ಚಾಗುತ್ತದೆ. ನೆರಳಲ್ಲಿ ತೆಳ್ಳಗೆ ಹರಡಿ, ಜರಡಿ ಹಿಡಿದು, ಒಣ ಮೆಣಸಿನಕಾಯಿ ಅಥವಾ ಒಣಗಿದ ಬೇವಿನ ಸೊಪ್ಪು ಹಾಕಿ ಡಬ್ಬಕ್ಕೆ ತುಂಬಿ.

ರಾಗಿ ನಮ್ಮ ಕಡೆಯ ಬಲ. ಮುದ್ದೆ ಇದ್ದರೆ ಸಾರಿನ ಖರ್ಚೇ ಲೆಕ್ಕಕ್ಕೆ ಬರುವುದು. ತೊಗರಿಬೇಳೆ ರೇಟು ಏರಿದಾಗಲೆಲ್ಲ ಬೇಳೆ ಸಾರೇ ಬೇಕು ಅಂತ ಹಟ ಯಾಕೆ? ಹುರುಳಿಕಾಳು, ಅಲಸಂದೆ, ಅವರೆ ಕಾಲದಲ್ಲಿ ಅವರೆಕಾಳು ಇವೆಯಲ್ಲ. ನನಗೆ ಕೇಳಿದರೆ ಬಸ್ಸಾರಿನಷ್ಟು ಲೆಕ್ಕ ಗೊತ್ತಿರುವ ಅಡುಗೆ ಇನ್ನೊಂದಿಲ್ಲ. ಹಿಂದಿನ ರಾತ್ರಿ ನೆನೆಸಿದ ಕಾಳನ್ನು ಬೇಯಿಸಿ, ಮುಕ್ಕಾಲು ಬೆಂದ ಮೇಲೆ ಬೆರಕೆ ಸೊಪ್ಪು ಹಾಕಿ, ಉಪ್ಪು ಹಾಕಿ ಇಳಿಸಿ. ಕಟ್ಟನ್ನು ಬಸಿದುಕೊಳ್ಳಿ. ಒಂದು ಹಿಡಿ ಬೆಂದ ಕಾಳು ಸೊಪ್ಪನ್ನು ಈರುಳ್ಳಿ, ಬೆಳ್ಳುಳ್ಳಿ, ಖಾರದಪುಡಿ, ಹುಣಸೆ, ಎರಡು ಚೂರು ಕಾಯಿ ಜೊತೆ ರುಬ್ಬಿ ಆ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಸಲದ ಬೇಯುವಿಕೆಯಲ್ಲಿ ಎರಡು ಪದಾರ್ಥ. ಮಾರನೆಯ ದಿನ ಆ ಸಾರು ಇನ್ನೂ ರುಚಿ. ಹಸಿ ಸೊಪ್ಪನ್ನು ಸಂಜೆ ಮಾರ್ಕೆಟ್ ಎತ್ತುವ ಹೊತ್ತಿಗೆ ಹೋಗಿ ತನ್ನಿ. ಬೆಳಿಗ್ಗೆಯ ರೇಟಿಗೆ ಕಟ್ಟು ಎರಡು ಸಿಗುತ್ತದೆ.

ಕರೆಂಟಿನದು ಇನ್ನೊಂದು ಕಥೆ. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಬಿಟ್ಟಿ ಅಂತ ತಿಳಿದವರೇ ಜಾಸ್ತಿ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಶೇ 10ರಷ್ಟು ಸೇರಿಸಿ ಕೊಡುತ್ತಾರೆ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗೆ ಮಾತ್ರ 10 ಯೂನಿಟ್ ಸೇರಿಸುತ್ತಾರೆ. ಸರಾಸರಿ 60 ಯೂನಿಟ್ ಇದ್ದ ಮನೆಗೆ 66. ನೀವು 80 ಉರಿಸಿದರೆ ಮೇಲಿನ 14ಕ್ಕೆ ದುಡ್ಡು ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ. ಹಾಗಾಗಿ ಚೆಸ್ಕಾಂ ಬಿಲ್ಲು ಸೊನ್ನೆ ಅಂತ ಮೂಲೆಗೆ ಎಸೆಯಬೇಡಿ, ಅದರಲ್ಲಿ ನಿಮ್ಮ ಮಿತಿ ಎಷ್ಟು ಅಂತ ಓದಿ. ಬಿಟ್ಟಿ ಅಂತ ನೀರು ಕಾಯಿಸುವ ಕಾಯಿಲ್ ತಂದ ಮನೆಗಳೇ ಮೊದಲು ಸಿಕ್ಕಿಹಾಕಿಕೊಂಡದ್ದು. 1,500 ವಾಟಿನ ಕಾಯಿಲ್ ಒಂದು ಗಂಟೆ ಹಾಕಿದರೆ ಒಂದೂವರೆ ಯೂನಿಟ್. ದಿನಾ ಹಾಕಿದರೆ ತಿಂಗಳಿಗೆ 45. ಹಿತ್ತಲಲ್ಲಿ ತೆಂಗಿನ ಗರಿ, ಚಿಪ್ಪು ಬಿದ್ದಿರುವ ಊರು ನಮ್ಮದು. ಹಂಡೆ ಒಲೆ ಇದ್ದವರು ಅದನ್ನು ಕೆಡವಬೇಡಿ. ಬಾಡಿಗೆ ಮನೆಯವರಿಗೂ ಗೃಹಜ್ಯೋತಿ ಸಿಗುತ್ತದೆ. ಮನೆ ಬದಲಾಯಿಸುವಾಗ ಹಳೆ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿಕೊಂಡು ಹೊಸದಕ್ಕೆ ಸೇರಿಸಬೇಕು, ಅಷ್ಟೇ.

ಶಕ್ತಿ ಬಸ್ಸಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮದ್ದೂರಿನಿಂದ, ಶ್ರೀರಂಗಪಟ್ಟಣದಿಂದ ಕೆಲಸಕ್ಕೆ ಓಡಾಡುವ ಹೆಣ್ಣುಮಕ್ಕಳಿಗೆ ಇದರಿಂದ ಆದ ಅನುಕೂಲ ಅವರನ್ನೇ ಕೇಳಬೇಕು. ಐದು ರೂಪಾಯಿ ಕಡಿಮೆಗೆ ಸಿಗುತ್ತೆ ಅಂತ ಮಂಡ್ಯದಿಂದ ಮೈಸೂರಿನ ದೇವರಾಜ ಮಾರ್ಕೆಟ್‌ಗೆ ಹೋಗುವವರಿಗೆ ಮಾತ್ರ ಒಂದು ಮಾತು. ಟಿಕೆಟ್ ಇಲ್ಲದಿರಬಹುದು, ಆ ದಿನದ ಕೂಲಿ ಹೋಯಿತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಸಾಲ. ಮೊದಲು ಹೇಳಿದ್ದು ಇದಕ್ಕೇ. ಒಂದು ಫೈನಾನ್ಸಿನ ಕಂತು ಕಟ್ಟಲು ಇನ್ನೊಂದರಲ್ಲಿ ತೆಗೆಯುವುದು, ಅದಕ್ಕೆ ಮೂರನೆಯದರಲ್ಲಿ ತೆಗೆಯುವುದು. ನಮ್ಮ ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಎಲ್ಲರೂ ಕೇಳಿದ್ದೇವೆ. ಅದಾದ ಮೇಲೆಯೇ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದೇ ಕಾಯ್ದೆಯಾಯಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮವನ್ನೂ ತಿಳಿದಿರಿ. ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯ ಇರುವ ಮನೆಗೆ ಕೊಡುವ ಇಂಥ ಮೈಕ್ರೋ ಫೈನಾನ್ಸ್ ಸಾಲಕ್ಕೆ ಒಡವೆ, ಪತ್ರ ಏನನ್ನೂ ಅಡ ಇಡಿಸಿಕೊಳ್ಳುವ ಹಾಗಿಲ್ಲ. ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಮೇಲೆ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ.

ನಿಯಮ ಇದೆ ಅಂತ ಧೈರ್ಯವಾಗಿ ಸಾಲ ತೆಗೆಯಿರಿ ಅಂತ ಹೇಳುತ್ತಿಲ್ಲ. ಸೈನ್ ಹಾಕುವ ಮೊದಲು ಮನೆಯ ಎಲ್ಲ ಕಂತುಗಳನ್ನೂ, ಗಂಡನ ಮೊಬೈಲ್ ಇಎಂಐ ಸೇರಿಸಿ, ಒಂದೇ ಹಾಳೆಯಲ್ಲಿ ಬರೆಯಿರಿ. ಆದಾಯದ ಕಡೆ ಕೂಲಿ ಮಾತ್ರ ಬರೆಯಿರಿ, ಗೃಹಲಕ್ಷ್ಮಿ ಬರೆಯಬೇಡಿ. ಕಂತು ಅರ್ಧದ ಹತ್ತಿರ ಹೋದರೆ ಯಾರು ಎಷ್ಟೇ ಹೇಳಿದರೂ ಫೈನಾನ್ಸಿನವರು ಕಟ್ಟುವ ಸಾಲದ ಗುಂಪಿಗೆ ಸೇರಬೇಡಿ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರ ಮನೆ ಮುಂದೆ ಬಂದು ನಿಲ್ಲುತ್ತಾರೆ, ಗೊತ್ತಲ್ಲ. ಮದುವೆ, ಗೃಹಪ್ರವೇಶಕ್ಕೆ ಸಾಲ ಮಾಡಲೇಬೇಕು ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ. ಹೇಳಿದರೂ ಕೇಳುವುದಿಲ್ಲ.

ಸಾಲ ಹುಟ್ಟುವುದು ಹೆಚ್ಚಾಗಿ ಆಸ್ಪತ್ರೆಯ ಬಾಗಿಲಲ್ಲಿ. ಬಿಪಿಎಲ್ ಕಾರ್ಡ್ ಇರುವ ಮನೆಗೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿದರೆ ಅದು ನಡೆಯುವುದಿಲ್ಲ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ, ಅಂದರೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಬೇರೆ ಕಡೆಗೆ ಚೀಟಿ ಬರೆದುಕೊಡುತ್ತಾರೆ. ರೇಷನ್ ಕಾರ್ಡು, ಆಧಾರ್ ಎರಡರ ಜೆರಾಕ್ಸ್ ಒಂದು ಕವರಿನಲ್ಲಿ ಹಾಕಿ ಬಾಗಿಲ ಹಿಂದೆ ನೇತುಹಾಕಿ. ರಾತ್ರಿ ಹೊತ್ತು ಬೀರು ತಡಕುವುದು ತಪ್ಪುತ್ತದೆ. ಬಿಪಿ, ಶುಗರ್ ಮಾತ್ರೆಗೆ ಜನೌಷಧಿ ಅಂಗಡಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ನಮ್ಮ ಇಲಾಖೆಯದೂ ಒಂದು ಮಾತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಇದೆ. ಮಾತೃಪೂರ್ಣ ಅಂತ 2017ರಲ್ಲಿ ಶುರುವಾಯಿತು. ನಮ್ಮ ಸೊಸೆ ಅಂಗನವಾಡಿಗೆ ಹೋಗಿ ಉಣ್ಣುವುದಾ ಅಂತ ಮೂಗು ಮುರಿಯುವ ಅತ್ತೆಯರು ಇನ್ನೂ ಇದ್ದಾರೆ. ಅದೇ ಅತ್ತೆ ಸೊಸೆಗೆ ರಕ್ತ ಇಲ್ಲ ಅಂತ ಟಾನಿಕ್‌ಗೆ ದುಡ್ಡು ಸುರಿಯುತ್ತಾರೆ. ಸುಮ್ನೆ ಕಳಿಸಿ.

65 ದಾಟಿದವರು ಮನೆಯಲ್ಲಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಗಂಡ ತೀರಿಹೋದ ಹೆಣ್ಣುಮಕ್ಕಳಿಗೆ ವಿಧವಾ ವೇತನ ಬೇರೆ ಇದೆ. ಯಾವ ದುಡ್ಡೇ ಬರಲಿ, ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ದುಡ್ಡು ನಿಂತರೆ ಯಾರ್ಯಾರನ್ನೋ ಬೈಯುವ ಮೊದಲು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಅದನ್ನು ಕೇಳಿ. ಫೋನ್ ಮಾಡಿ ಒಟಿಪಿ ಕೇಳುವವರು ಯಾವ ಯೋಜನೆಯವರೂ ಅಲ್ಲ.

ಬ್ಯಾಂಕಿಗೆ ಹೋದಾಗಲೇ ಇನ್ನೊಂದು ಕೆಲಸ ಮುಗಿಸಿಕೊಂಡು ಬನ್ನಿ. ವರ್ಷಕ್ಕೆ 20 ರೂಪಾಯಿಗೆ ಅಪಘಾತ ವಿಮೆ ಇದೆ, 436 ರೂಪಾಯಿಗೆ ಜೀವ ವಿಮೆ ಇದೆ. ಎರಡೂ ಪ್ರಧಾನಮಂತ್ರಿ ಹೆಸರಿನ ಯೋಜನೆಗಳು, ಎರಡರಲ್ಲೂ ಎರಡು ಲಕ್ಷದವರೆಗೆ ಸಿಗುತ್ತದೆ. ಗಾರೆ ಕೆಲಸಕ್ಕೆ, ಕಬ್ಬು ಕಡಿಯಲು ಹೋಗುವ ಗಂಡಸಿನ ಹೆಸರಲ್ಲಿ ಇದು ಇರಲೇಬೇಕು. ಕಂತು ಕಡಿತವಾಗುವುದು ಮೇ ತಿಂಗಳ ಕೊನೆಯ ಹೊತ್ತಿಗೆ, ವಿಮೆ ವರ್ಷ ಜೂನ್ ಒಂದಕ್ಕೆ ಶುರು. ಆಗ ಖಾತೆ ಖಾಲಿ ಇದ್ದರೆ ವಿಮೆ ನಿಂತುಹೋಗುತ್ತದೆ. ಮೇ ತಿಂಗಳಲ್ಲಿ ಆ ಖಾತೆಯಲ್ಲಿ 500 ರೂಪಾಯಿ ಮುಟ್ಟದೆ ಬಿಡಿ, ಎಟಿಎಂ ಕಾರ್ಡು ಮಗನ ಕೈಯಲ್ಲಿದ್ದರೆ ಅವನಿಗೂ ಹೇಳಿಡಿ.