ತೆಳು ಗಾಜಿಗೆ ಆರೇ ಬಿಂದು ಸಾಕಾಯ್ತು

ದೂರದರ್ಶಕದ ಹತ್ತಿಂಚಿನ ಕನ್ನಡಿ, 19 ಮಿ.ಮೀ. ದಪ್ಪದ ಫ್ಲೋಟ್ ಗಾಜು (ಕಿಟಕಿಗೆ ಹಾಕುವ ಮಾಮೂಲಿ ಗಾಜು), ಎಫ್/5 (ನಾಭಿದೂರ ವ್ಯಾಸದ ಐದು ಪಟ್ಟು). ದಾವಣಗೆರೆಯಲ್ಲಿ ಕೇಳಿದವರೆಲ್ಲರದೂ ಒಂದೇ ರಾಗ: ದಪ್ಪ ವ್ಯಾಸದ ಆರರಲ್ಲೊಂದು ಭಾಗ ಇರಲೇಬೇಕು, ಇಲ್ಲವಾದರೆ 18 ಬಿಂದುವಿನ ಸೆಲ್, ಅಂದರೆ ಕನ್ನಡಿಯನ್ನು ಹಿಂದಿನಿಂದ 18 ಕಡೆ ಹೊರುವ ತೊಟ್ಟಿಲು, ಮಾಡು. ನಾನು ಆರು ಬಿಂದುವಿನಲ್ಲೇ ಮುಗಿಸಿದೆ. ಈಗ 250 ಪಟ್ಟು ಹಿಗ್ಗಿಸಿ ನೋಡಿದರೂ ಫೋಕಸ್‌ನ ಎರಡೂ ಬದಿಗೆ ನಕ್ಷತ್ರದ ಉಂಗುರ ದುಂಡಗಿದೆ, ಅಂದರೆ ಕನ್ನಡಿ ಸೊಟ್ಟಗಾಗಿಲ್ಲ. ಅನುಮಾನ ಇದ್ದವರು ಬಂದು ನೋಡಿದ್ದಾರೆ.

ಲೆಕ್ಕವೆಲ್ಲ ಡೇವಿಡ್ ಲೂಯಿಸ್ ಬರೆದ ಪ್ಲಾಪ್‌ನದು; ಬಿಂದುಗಳ ಮೇಲೆ ಗಾಜು ಎಷ್ಟು ಬಾಗುತ್ತದೆಂದು ಹೇಳುವ ತಂತ್ರಾಂಶ ಅದು. ಅದರ ಪೂರ್ವನಿಯೋಜಿತ ವಸ್ತು ಯಾವುದೇ ಇರಲಿ, ಸಾಂದ್ರತೆ 2.5 ಗ್ರಾಂ/ಘ.ಸೆಂ.ಮೀ., ಯಂಗ್ ಗುಣಾಂಕ (ಗಡಸುತನದ ಅಳತೆ) ಸುಮಾರು 7100 ಕೆಜಿ/ಚ.ಮಿ.ಮೀ. ಎಂದು ಕೊಡಿ. ಕೊಟ್ಟರೂ ಉತ್ತರ ಪೈರೆಕ್ಸ್‌ಗಿಂತ (ಬಿಸಿಗೆ ಕಡಿಮೆ ಹಿಗ್ಗುವ ಗಾಜು) ಹೆಚ್ಚೇನೂ ಬದಲಾಗದು. ಫ್ಲೋಟ್ ಭಾರವಾದಷ್ಟೇ ಗಡುಸೂ ಹೌದು, ಹಾಗಾಗಿ ಬಾಗುವುದು ಹೆಚ್ಚುಕಮ್ಮಿ ಒಂದೇ. ಫ್ಲೋಟ್‌ನ ನಿಜವಾದ ತಕರಾರು ಬಿಸಿಗೆ ಹಿಗ್ಗುವುದು, ಪೈರೆಕ್ಸ್‌ನ ಎರಡೂವರೆ ಪಟ್ಟಿಗೂ ಮೇಲೆ. ಅದಕ್ಕೆ ಮದ್ದು ಹಿಂಬದಿಯ 12 ವೋಲ್ಟ್ ಫ್ಯಾನ್, ಬಿಂದುಗಳಲ್ಲ.

ಕನ್ನಡಿಯ ಮೈ ಬಾಗುವುದಕ್ಕೆ ನಾನು ಹಾಕಿಕೊಂಡ ಮಿತಿ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) 4 ನ್ಯಾನೋಮೀಟರ್ ಚಿಲ್ಲರೆ. ಮೂರು ಬಿಂದು ಅದರ ಮೂರು ಪಟ್ಟು ಮೀರಿತು. ಆರು ಬಿಂದು ನೆನಪಿದ್ದಂತೆ ಎರಡು ಎರಡೂವರೆ. ಒಂಬತ್ತಕ್ಕೆ ಒಂದರ ಆಸುಪಾಸು, ಆದರೆ ತ್ರಿಕೋನ ಪ್ಲೇಟು ಕತ್ತರಿಸುವ ಖರ್ಚು ಬೇರೆ.

ಆರು ಬಿಂದು ತ್ರಿಜ್ಯದ 0.6ರಲ್ಲಿ, ಅಂದರೆ 76 ಮಿ.ಮೀ. ತ್ರಿಜ್ಯದ ವೃತ್ತದ ಮೇಲೆ, 60 ಡಿಗ್ರಿಗೊಂದರಂತೆ. ಅವನ್ನು ಹೊರುವ ಪಟ್ಟಿ ಮೂರು, 25×6 ಮಿ.ಮೀ. ಅಲ್ಯೂಮಿನಿಯಂ, ಒಂದೊಂದರ ಮೇಲೆ ಎರಡು ಬಿಂದು. ಪಟ್ಟಿಯ ಎರಡು ಬಿಂದುಗಳ ನಡುವೆಯೂ 76, ಪಟ್ಟಿ ನಡುವಿನಲ್ಲಿ ತೂಗುವ ತಿರುಗಣೆ ಕನ್ನಡಿಯ ಕೇಂದ್ರದಿಂದ 66. ಒಂದೆರಡು ಮಿ.ಮೀ. ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಪಟ್ಟಿ ಸಲೀಸಾಗಿ ತೂಗಾಡಬೇಕು. ಬಿಗಿಯಾಗಿ ಹಿಡಿದರೆ ಆರು ಬಿಂದು ಮೂರೇ ಆಗುತ್ತದೆ. ಡ್ರಿಲ್ಲಿಂಗ್ ಹರಿಹರದಲ್ಲಿ, ಹಳೆಯ ಮೈಸೂರು ಕಿರ್ಲೋಸ್ಕರ್ ಲೇತ್ ಇರುವ ವರ್ಕ್‌ಶಾಪಿನಲ್ಲಿ. ಕೂಲಿ, ಸಾಮಾನು, ಚದರ ಪೈಪಿನ ಚೌಕಟ್ಟು ಸೇರಿ ಎರಡು ಸಾವಿರದ ಒಳಗೆ. ಲೇಸರ್‌ನಲ್ಲಿ ಕತ್ತರಿಸಿದ 18 ಬಿಂದುವಿನ ಸೆಲ್‌ಗೆ ಅದರ ನಾಲ್ಕು ಪಟ್ಟು ಕೇಳಿದ್ದರು.

ಪ್ಲಾಪ್ ಹೇಳದ್ದು ಅಂಚಿನ ಕಥೆ. ಅದು ಕನ್ನಡಿ ನೆತ್ತಿಯ ಕಡೆ ಮುಖ ಮಾಡಿದೆ ಎಂದೇ ಎಣಿಸುತ್ತದೆ. ಟ್ಯೂಬು ಓರೆ ಮಾಡಿದಾಗ ಭಾರ ಅಂಚಿಗೆ ಬರುತ್ತದೆ, ತೆಳು ಗಾಜು ಕೆಡುವುದು ಅಲ್ಲೇ. ಕೆಳಗೆ 90 ಡಿಗ್ರಿ ಅಂತರದಲ್ಲಿ ಎರಡು ಬೇರಿಂಗ್ ಕೊಟ್ಟು, ಗುರುತ್ವಕೇಂದ್ರದ ಮಟ್ಟಕ್ಕೆ ಕೂರಿಸಿ. ಆ ಮಟ್ಟ ದಪ್ಪದ ಅರ್ಧವಾದ 9.5 ಅಲ್ಲ, ನಡುವೆ 3.2 ಮಿ.ಮೀ. ತೋಡಿರುವುದರಿಂದ ಹಿಂಬದಿಯಿಂದ 8.7. ಸಿಲಿಕೋನ್ ಅಂಟಿನಿಂದ ಅಂಟಿಸುವ ಪದ್ಧತಿ ಇಲ್ಲಿ ಬೇಡ, ಒಣಗುವಾಗ ಎಳೆಯುತ್ತದೆ. ಮುಂಬದಿಯ ಕ್ಲಿಪ್ಪಿಗೂ ಗಾಜಿಗೂ ಅರ್ಧ ಮಿ.ಮೀ. ಸಂದಿ ಇರಲಿ, ಒತ್ತಿದರೆ ನಕ್ಷತ್ರ ಮುಕ್ಕೋನ.

ನಕ್ಷತ್ರ ಉದ್ದಕ್ಕೆ ಎಳೆದರೆ ಸೆಲ್ ಬಿಚ್ಚುವ ಮೊದಲು ಕನ್ನಡಿಯನ್ನಷ್ಟೇ 90 ಡಿಗ್ರಿ ತಿರುಗಿಸಿ. ಎಳೆತವೂ ತಿರುಗಿದರೆ ತಪ್ಪು ಗಾಜಿನದು, ಅಲ್ಲೇ ನಿಂತರೆ ಸೆಲ್‌ನದು ಅಥವಾ ಸೆಕೆಂಡರಿಯದು (ಟ್ಯೂಬಿನ ಮೇಲ್ತುದಿಯ ಚಿಕ್ಕ ಕನ್ನಡಿ). ಚಿತ್ರದುರ್ಗದ ಜೋಗಿಮಟ್ಟಿಯಂಥ ಗಾಳಿಯಲ್ಲಿ ಕಾಲಿಮೇಷನ್ ಸ್ಪ್ರಿಂಗ್ (ಕನ್ನಡಿಯ ಓರೆ ಸರಿಪಡಿಸುವ ಸ್ಕ್ರೂಗಳದು) ಮೆದುವಾದರೂ ಚಿತ್ರ ಕುಣಿಯುತ್ತದೆ; ಅದನ್ನು ಸೆಲ್ ಮೇಲೆ ಹಾಕಬೇಡಿ.

ಸುಮ್ಮನೆ 12 ಮಿ.ಮೀ. ಗಾಜನ್ನೂ ಪ್ಲಾಪ್‌ಗೆ ಕೊಟ್ಟು ನೋಡಿದೆ: ಆರು ಬಿಂದು ಮಿತಿ ದಾಟಿತು, ಒಂಬತ್ತು ತಡೆಯಿತು. ಮುಂದಿನದು ಅದೇ, ಗಾಜು ಆಗಲೇ ಕತ್ತರಿಸಿಟ್ಟಿದೆ.