ಕೋಡ್ ಮುಟ್ಟದೆ ಪೈಟೆಸ್ಟ್ ಸೆಟ್ಟಿಂಗ್ ಬದಲಿಸುವುದು ಹೇಗೆ

ಮೂಡಿಗೆರೆ ಕಡೆ ಮಳೆಗಾಲದಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಗೊತ್ತು, ಕರೆಂಟು ಹೋದ ಮೇಲೆ ಯುಪಿಎಸ್ ಎಷ್ಟು ಹೊತ್ತು ಬರುತ್ತದೋ ಅಷ್ಟೇ ನಮ್ಮ ಆಫೀಸ್ ಟೈಮು. ಆ ಹೊತ್ತಲ್ಲಿ ಪೈಟೆಸ್ಟ್, ಅಂದರೆ ಪೈಥಾನ್ ಕೋಡ್ ಸರಿಯಿದೆಯೇ ಅಂತ ಪರೀಕ್ಷಿಸುವ ಟೂಲ್, ಹಾಕಿ ಇರುವ ಎಲ್ಲ ಟೆಸ್ಟ್ ಓಡಿಸುತ್ತಾ ಕೂರಕ್ಕಾಗುತ್ತಾ? ಒಂದು ಫೇಲಾದರೆ ಅಲ್ಲೇ ನಿಲ್ಲಬೇಕು, ನಿಧಾನದ ಟೆಸ್ಟು ಬೇಡ. ಸರ್ವರ್‌ನಲ್ಲಿ ಮಾತ್ರ ಎಲ್ಲವೂ ಓಡಬೇಕು. ಮೊದಲೆಲ್ಲ ನಾನು ಇದಕ್ಕೆ ಪೈಟೆಸ್ಟ್‌ನ ಸೆಟ್ಟಿಂಗ್ ಇರುವ ಐಎನ್‌ಐ ಫೈಲನ್ನೇ ತಿದ್ದುತ್ತಿದ್ದೆ, ಆಮೇಲೆ ಸರಿ ಮಾಡುವುದು ಮರೆತು ಹಾಗೇ ಕಮಿಟ್ ಮಾಡಿ, ಟೀಮಿನವರ ಹತ್ತಿರ ಬೈಸಿಕೊಳ್ಳುತ್ತಿದ್ದೆ.

ಒಂದೊಂದು ಮೆಷಿನ್‌ಗೆ ಒಂದೊಂದು ಥರ ಇರಬೇಕಾದದ್ದನ್ನು ಫೈಲಿನಲ್ಲಿ ಇಡಬೇಡಿ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ಅಂದರೆ ಪ್ರೋಗ್ರಾಂಗಳು ಓದಿಕೊಳ್ಳಲಿ ಅಂತ ಫೈಲಿನ ಹೊರಗೆ ಹೆಸರು ಕೊಟ್ಟು ಇಡುವ ಬೆಲೆಯಲ್ಲಿ (ವ್ಯಾಲ್ಯೂ), ಇಡಿ. ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ವೇರಿಯಬಲ್ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹಾಕಿ.

ಮೊದಲು ಬೇಕಾದದ್ದು ಪೈಟೆಸ್ಟ್_ಆಡ್‌ಆಪ್ಟ್ಸ್. ಕಮಾಂಡ್ ಜೊತೆ ಕೊಡುವ ಯಾವ ಆಪ್ಷನ್ನನ್ನಾದರೂ ಇದರಲ್ಲಿ ಹಾಕಿಡಬಹುದು. ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್‌ನಲ್ಲಿ ಹೀಗೆ:

ಎಕ್ಸ್‌ಪೋರ್ಟ್ ಪೈಟೆಸ್ಟ್_ಆಡ್‌ಆಪ್ಟ್ಸ್="-ಎಕ್ಸ್ -ಎಂ 'ನಾಟ್ ಸ್ಲೋ'"

ಎಕ್ಸ್ ಅಂದರೆ ಮೊದಲ ಫೇಲಿಗೇ ನಿಲ್ಲು. ಎಂ ಅಂದರೆ ಮಾರ್ಕರ್, ಅಂದರೆ ಸ್ಲೋ ಅಂತ ಗುರುತು ಹಾಕಿದ ಟೆಸ್ಟುಗಳನ್ನು ಬಿಡು. ಈಕ್ವಲ್ ಗುರುತಿನ ಆಚೀಚೆ ಜಾಗ ಬಿಡಬೇಡಿ. ನಾಟ್ ಸ್ಲೋ ಎರಡು ಪದ ಆದ್ದರಿಂದ ಒಳಗೆ ಒಂಟಿ ಕೋಟ್ ಬೇಕೇ ಬೇಕು, ಇಲ್ಲದಿದ್ದರೆ ಪೈಟೆಸ್ಟ್ ಎರಡನೆಯ ಪದವನ್ನು ಫೈಲಿನ ಹೆಸರು ಅಂದುಕೊಂಡು ಹುಡುಕಲು ಹೋಗುತ್ತದೆ.

ಯಾರ ಮಾತು ನಡೆಯುತ್ತದೆ ಅನ್ನುವುದನ್ನು ತಿಳಿದುಕೊಳ್ಳಿ. ಮೊದಲು ಐಎನ್‌ಐ ಫೈಲಿನ ಆಡ್‌ಆಪ್ಟ್ಸ್, ಆಮೇಲೆ ಈ ವೇರಿಯಬಲ್, ಕೊನೆಗೆ ನೀವು ಕಮಾಂಡ್‌ನಲ್ಲಿ ಬರೆದದ್ದು. ಒಂದೇ ಆಪ್ಷನ್ ಎರಡು ಕಡೆ ಬಂದು ಜಗಳವಾದರೆ ಕೊನೆಯದೇ ಗೆಲ್ಲುತ್ತದೆ. ಆದ್ದರಿಂದ ವೇರಿಯಬಲ್ ಹಾಗೇ ಇದ್ದರೂ ಕಮಾಂಡ್‌ನಲ್ಲಿ -ಎಂ ಸ್ಲೋ ಅಂತ ಕೊಟ್ಟರೆ ನಿಧಾನದವು ಮಾತ್ರ ಓಡುತ್ತವೆ. ಮಾರ್ಕರ್‌ಗಳು ಒಂದಕ್ಕೊಂದು ಸೇರಿಕೊಳ್ಳುವುದಿಲ್ಲ, ಹಳೆಯದು ಹೋಗಿ ಹೊಸದು ಬರುತ್ತದೆ.

ಎಕ್ಸ್‌ಪೋರ್ಟ್ ಮಾಡಿದ್ದು ಆ ಟರ್ಮಿನಲ್‌ಗೆ ಮತ್ತು ಅದರಿಂದ ಹುಟ್ಟಿದ ಪ್ರೋಗ್ರಾಂಗಳಿಗೆ ಮಾತ್ರ. ಮೊದಲೇ ತೆರೆದಿಟ್ಟ ಎಡಿಟರ್‌ನಲ್ಲಿ ಟೆಸ್ಟ್ ಬಟನ್ ಒತ್ತಿ "ಕೆಲಸ ಮಾಡ್ತಿಲ್ಲ" ಅನ್ನಬೇಡಿ. ಅದಕ್ಕೆ ಇದು ಕಾಣುವುದೇ ಇಲ್ಲ. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇನ್ನೊಂದು ತರಲೆ ಇದೆ: ಸೆಟ್ ಅಂತ ಬರೆದು, ಬೆಲೆಯ ನಂತರ ಜಾಗ ಬಿಟ್ಟು, ಎರಡು ಆಂಪರ್‌ಸ್ಯಾಂಡ್ ಹಾಕಿ ಮುಂದಿನ ಕಮಾಂಡ್ ಬರೆದರೆ ಆ ಜಾಗವೂ ಬೆಲೆಗೆ ಅಂಟಿಕೊಳ್ಳುತ್ತದೆ. 1 ಅಂದುಕೊಂಡದ್ದು 1 ಮತ್ತು ಒಂದು ಖಾಲಿ ಜಾಗ ಆಗಿರುತ್ತದೆ, ಕಣ್ಣಿಗೆ ಬೀಳುವುದೂ ಇಲ್ಲ.

ಇನ್ನು ನಮ್ಮದೇ ವೇರಿಯಬಲ್‌ಗಳು. ಡೇಟಾಬೇಸ್ ವಿಳಾಸ, ಟೈಮ್‌ಔಟ್, ನಿಜವಾದ ನೆಟ್‌ವರ್ಕ್ ಬಳಸಬೇಕೋ ಬೇಡವೋ, ಇಂಥವನ್ನು ಕಾನ್‌ಫ್‌ಟೆಸ್ಟ್ ಫೈಲಿನಲ್ಲಿ (ಟೆಸ್ಟುಗಳೆಲ್ಲ ಹಂಚಿಕೊಳ್ಳುವ ಕೋಡ್ ಇಡುವ ಪೈಥಾನ್ ಫೈಲು) ಓಎಸ್ ಡಾಟ್ ಎನ್ವಿರಾನ್ ಡಾಟ್ ಗೆಟ್ ಬಳಸಿ ಓದಿಕೊಳ್ಳಿ, ಇಲ್ಲದಿದ್ದಾಗ ಬಳಸಲು ಒಂದು ಬೆಲೆಯನ್ನೂ ಕೊಡಿ. ಬರುವುದೆಲ್ಲ ಸ್ಟ್ರಿಂಗ್, ಇದನ್ನು ಮಾತ್ರ ಮರೆಯಬೇಡಿ. ನೆಟ್‌ವರ್ಕ್ ಬೇಡ ಅಂತ 0 ಕೊಟ್ಟರೆ ಪೈಥಾನ್‌ಗೆ ಅದು ಖಾಲಿಯಲ್ಲದ ಸ್ಟ್ರಿಂಗ್, ಅಂದರೆ ಹೌದು! ಫಾಲ್ಸ್ ಅಂತ ಬರೆದರೂ ಹೌದೇ. ಹಾಗಾಗಿ ಸುಮ್ನೆ ಇಫ್ ಹಾಕಬೇಡಿ, ಬಂದದ್ದನ್ನು ಸಣ್ಣಕ್ಷರ ಮಾಡಿ, ಆಚೀಚೆಯ ಜಾಗ ತೆಗೆದು, ಅದು 1, ಟ್ರೂ ಅಥವಾ ಯೆಸ್ ಆಗಿದ್ದರೆ ಮಾತ್ರ ಹೌದು ಅನ್ನಿ. ಸಂಖ್ಯೆ ಬೇಕಾದಲ್ಲಿ ಇಂಟ್ ಮಾಡಿಕೊಳ್ಳಿ.

ನನ್ನನ್ನು ಜಾಸ್ತಿ ಕಾಡಿದ್ದು ಟೀಜೆಡ್, ಅಂದರೆ ಟೈಮ್‌ಝೋನ್ ವೇರಿಯಬಲ್. ಕಾಫಿ ತೋಟದ ಮಳೆ ಲೆಕ್ಕ ಇಡುವ ಸಣ್ಣ ಪ್ರೋಗ್ರಾಂ ಒಂದು ಬರೆದಿದ್ದೆ. ಏಪ್ರಿಲ್ 1ರ ಬೆಳಿಗ್ಗೆ 5 ಗಂಟೆಗೆ 80 ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್) ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಅಂತ ಟೆಸ್ಟ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಪಾಸ್, ಸರ್ವರ್‌ನಲ್ಲಿ ಫೇಲ್. ಯಾಕೆಂದರೆ ಸರ್ವರ್ ಯುಟಿಸಿಯಲ್ಲಿ, ಅಂದರೆ ಜಗತ್ತಿನ ಪ್ರಮಾಣ ಸಮಯದಲ್ಲಿ, ಓಡುತ್ತಿತ್ತು, ನಾವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ, ಅಲ್ಲಿನ್ನೂ ಮಾರ್ಚ್ 31ರ ರಾತ್ರಿ 11.30. ಮಳೆ ಹಿಂದಿನ ತಿಂಗಳ ಲೆಕ್ಕಕ್ಕೆ ಹೋಗಿ ಕೂತಿತ್ತು. ಸರ್ವರ್‌ನಲ್ಲಿ ಟೀಜೆಡ್‌ಗೆ ಏಷ್ಯಾ/ಕೋಲ್ಕತಾ ಅಂತ ಹಾಕಿದರೆ ಟೆಸ್ಟ್ ಪಾಸಾಗುತ್ತದೆ, ನಿಜ. ಆದರೆ ತಪ್ಪು ಕೋಡಿನಲ್ಲಿದೆ, ಟೈಮ್‌ಝೋನ್ ಹೇಳದೆ ಮೆಷಿನ್ ಗಡಿಯಾರವನ್ನು ನಂಬಿದ್ದು. ನಾನು ಉಲ್ಟಾ ಮಾಡಿದೆ: ಲ್ಯಾಪ್‌ಟಾಪ್‌ನಲ್ಲೇ ಟೀಜೆಡ್=ಯುಟಿಸಿ ಅಂತ ಕಮಾಂಡಿನ ಮುಂದೆ ಬರೆದು ಓಡಿಸಿ, ಫೇಲಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಕೋಡ್ ಸರಿ ಮಾಡಿದೆ. ಹೀಗೆ ಕಮಾಂಡಿನ ಮುಂದೆ ಬರೆದದ್ದು ಆ ಒಂದು ಸಲಕ್ಕೆ ಮಾತ್ರ. ವಿಂಡೋಸ್‌ನಲ್ಲಿ ಪೈಥಾನ್ ಈ ವೇರಿಯಬಲ್ಲನ್ನು ಹೀಗೆ ಕೇಳುವುದಿಲ್ಲ, ಅಲ್ಲಿ ನಂಬಬೇಡಿ.

ಒಂದೇ ಟೆಸ್ಟಿಗೆ ಮಾತ್ರ ಬೆಲೆ ಬದಲಾಗಬೇಕಾದರೆ ಪೈಟೆಸ್ಟ್ ಜೊತೆಗೇ ಬರುವ ಮಂಕಿಪ್ಯಾಚ್ ಫಿಕ್ಸ್‌ಚರ್‌ನ (ಟೆಸ್ಟಿಗೆ ಪೈಟೆಸ್ಟ್ ಒದಗಿಸುವ ಸಹಾಯಕ) ಸೆಟ್‌ಎನ್ವ್ ಬಳಸಿ, ಟೆಸ್ಟ್ ಮುಗಿದ ಮೇಲೆ ಅದೇ ಹಳೆಯದನ್ನು ವಾಪಸ್ ಇಡುತ್ತದೆ. ಸೆಟ್‌ಎನ್ವ್ ಮಾಡಿದರೂ ಏನೂ ಬದಲಾಗದಿದ್ದರೆ ನಿಮ್ಮ ಕೋಡನ್ನೇ ನೋಡಿ. ಫೈಲಿನ ತಲೆಯಲ್ಲಿ, ಇಂಪೋರ್ಟ್ ಆಗುವಾಗಲೇ ಬೆಲೆ ಓದಿ ಇಟ್ಟುಕೊಂಡಿರುತ್ತೀರಿ. ಓದುವುದನ್ನು ಫಂಕ್ಷನ್ ಒಳಗೆ ಹಾಕಿ.

ವೇರಿಯಬಲ್‌ಗಳನ್ನು ಬರೆದಿಡುವ, ಪಾಸ್‌ವರ್ಡ್ ಇರುವ ಡಾಟ್ ಎನ್ವ್ ಫೈಲನ್ನು ಗಿಟ್‌ಇಗ್ನೋರ್‌ಗೆ (ಕಮಿಟ್ ಆಗಬಾರದ ಫೈಲುಗಳ ಪಟ್ಟಿ) ಸೇರಿಸಿ, ಇದನ್ನು ಮತ್ತೆ ಹೇಳಬೇಕಿಲ್ಲ ಅಲ್ವಾ. ಪೈಟೆಸ್ಟ್ ತಾನಾಗಿ ಆ ಫೈಲ್ ಓದುವುದಿಲ್ಲ, ಅದಕ್ಕೆ ಪ್ಲಗಿನ್ ಬೇಕು, ಇಲ್ಲವೇ ಶೆಲ್‌ನಲ್ಲಿ ಸೋರ್ಸ್ ಮಾಡಿ (ಅದರ ಸಾಲುಗಳನ್ನು ಆ ಟರ್ಮಿನಲ್‌ನಲ್ಲೇ ಓಡಿಸಿ) ಎಕ್ಸ್‌ಪೋರ್ಟ್ ಕೂಡ ಮಾಡಬೇಕು. ಎಕ್ಸ್‌ಡಿಸ್ಟ್ ಪ್ಲಗಿನ್ ಹಾಕಿ ಟೆಸ್ಟುಗಳನ್ನು ಹಲವು ವರ್ಕರ್‌ಗಳಿಗೆ ಹಂಚಿ ಒಟ್ಟೊಟ್ಟಿಗೆ ಓಡಿಸುವವರು ಪೈಟೆಸ್ಟ್_ಎಕ್ಸ್‌ಡಿಸ್ಟ್_ವರ್ಕರ್ ಓದಿ, ಅದರಲ್ಲಿ ಬರುವ ಜಿಡಬ್ಲ್ಯು0, ಜಿಡಬ್ಲ್ಯು1 ಅನ್ನುವುದನ್ನು ಡೇಟಾಬೇಸ್ ಹೆಸರಿಗೆ ಅಂಟಿಸಿದರೆ ಒಂದು ವರ್ಕರ್‌ನ ಡೇಟಾವನ್ನು ಇನ್ನೊಂದು ತುಳಿಯುವುದಿಲ್ಲ.

ಒಂದು ದಿನ ಇದ್ದಕ್ಕಿದ್ದಂತೆ ಟೆಸ್ಟುಗಳು ಮೊದಲ ಫೇಲಿಗೇ ನಿಲ್ಲತೊಡಗಿದರೆ ಎನ್ವ್ ಅಂತ ಟೈಪ್ ಮಾಡಿ, ಪೈಟೆಸ್ಟ್ ಹೆಸರಿನದ್ದು ಏನಾದರೂ ಉಳಿದಿದೆಯೇ ನೋಡಿ. ನನಗೆ ಅರ್ಧ ದಿನ ತಿಂದದ್ದು ನಾನೇ ಬ್ಯಾಷ್‌ಆರ್‌ಸಿಯಲ್ಲಿ (ಹೊಸ ಟರ್ಮಿನಲ್ ತೆರೆದಾಗಲೆಲ್ಲ ಓಡುವ ಫೈಲು) ಬರೆದು ಮರೆತ ಸಾಲು. ಅನ್‌ಸೆಟ್ ಪೈಟೆಸ್ಟ್_ಆಡ್‌ಆಪ್ಟ್ಸ್ ಅಂದರೆ ಆ ಟರ್ಮಿನಲ್‌ನಿಂದ ಹೋಗುತ್ತದೆ, ಬ್ಯಾಷ್‌ಆರ್‌ಸಿಯಿಂದ ನೀವೇ ಅಳಿಸಬೇಕು.