ಕೊಡಗಿನಿಂದ ಮೈಸೂರಿಗೆ: ಕರ್ನಾಟಕ ಸಂಗೀತ ಕಚೇರಿಯನ್ನು ಪೂರ್ತಿ ಕೇಳುವುದು ಹೇಗೆ?

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಸಂಜೆ 6ರ ಕಚೇರಿಗೆ ಮಧ್ಯಾಹ್ನ 1ರೊಳಗೆ ಬಸ್ ಹತ್ತಿ. ರಾತ್ರಿ ಉಳಿಯಲು ಮೊದಲೇ ಜಾಗ ಗೊತ್ತುಮಾಡಿಕೊಳ್ಳಿ. ಬಸ್ಸಿನ ಚಿಂತೆಯಲ್ಲಿ ಅರ್ಧಕ್ಕೆ ಎದ್ದರೆ ಕಚೇರಿಯ ತಿರುಳೇ ತಪ್ಪಿಹೋಗುತ್ತದೆ. ಗೋಣಿಕೊಪ್ಪದ ಕಡೆಯವರು ಸ್ವಂತ ಗಾಡಿಯಲ್ಲಿ ಬಂದರೂ ತಿತಿಮತಿಯ ಕಾಡುದಾರಿಯಲ್ಲಿ ರಾತ್ರಿ ವಾಪಸಾಗುವುದು ಬೇಡ. ಅಲ್ಲಿ ಆನೆಗಳು ರಸ್ತೆ ದಾಟುತ್ತವೆ.

ಗಣೇಶ ಹಬ್ಬದ ಹೊತ್ತಿಗೆ ಮೈಸೂರಿನ ಒಂಟಿಕೊಪ್ಪಲಿನ 8ನೇ ಕ್ರಾಸ್‌ನಲ್ಲಿ, ದಸರೆಯಲ್ಲಿ ಅರಮನೆ ಅಂಗಳದಲ್ಲಿ ದೊಡ್ಡ ವಿದ್ವಾಂಸರ ಕಚೇರಿಗಳಿರುತ್ತವೆ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ಹತ್ತು ದೇವಸ್ಥಾನಗಳಿಂದ ಮೆರವಣಿಗೆ ಬರುವ ದಶಮಂಟಪಗಳನ್ನೂ ನೋಡಬೇಕಲ್ಲ, ಹಾಗಾಗಿ ನವರಾತ್ರಿಯ ಮೊದಲ ದಿನಗಳನ್ನೇ ಆರಿಸಿಕೊಳ್ಳಿ.

ಅರ್ಧ ಗಂಟೆ ಮುಂಚೆ ಹೋಗಿ, ನಡುಭಾಗದಲ್ಲಿ ಕೂರಿ. ಸ್ಪೀಕರ್ ಪಕ್ಕ ಕೂತರೆ ಮೃದಂಗದ ಅಬ್ಬರದಲ್ಲಿ ತಂಬೂರಿ ಕೇಳುವುದೇ ಇಲ್ಲ.

ಕಚೇರಿ ಸಾಮಾನ್ಯವಾಗಿ ವರ್ಣ ಎಂಬ ರಚನೆಯಿಂದ ಶುರುವಾಗಿ, ಎರಡು ಮೂರು ಚಿಕ್ಕ ಕೃತಿಗಳಾದ ಮೇಲೆ ಮುಖ್ಯ ಕೃತಿಗೆ ಬರುತ್ತದೆ. ಆಲಾಪನೆ (ಸಾಹಿತ್ಯವಿಲ್ಲದೆ ರಾಗ ಬಿಡಿಸುವುದು), ಕೃತಿ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಕಲ್ಪನಾಸ್ವರ (ಸ್ವರಗಳನ್ನು ಅಲ್ಲೇ ಹೊಸೆದು ಹಾಡುವುದು) ಎಲ್ಲ ಸೇರಿ ಇದೊಂದೇ ಮುಕ್ಕಾಲು ಗಂಟೆ ದಾಟಬಹುದು. ಆಮೇಲೆ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ. ಕಾಫಿಗೆಂದು ಜನ ಏಳುವುದು ಸರಿಯಾಗಿ ಆಗಲೇ. ಇದು ತಪ್ಪು ಮಾತ್ರವಲ್ಲ, ಅನ್ಯಾಯ: ಸಂಜೆಯುದ್ದಕ್ಕೂ ಹಾಡಿಗೆ ಒತ್ತಾಸೆಯಾಗಿದ್ದ ಮೃದಂಗ, ಘಟದವರಿಗೆ ಸ್ವಂತದ್ದೆಂದು ಸಿಗುವುದು ಅಷ್ಟೇ ಹೊತ್ತು. ಕಾಫಿ ಕುಡಿಯುವುದಿದ್ದರೆ ಒಳಗೆ ಬರುವ ಮೊದಲೇ ಮುಗಿಸಿ.

ತನಿ ಹಿಡಿತಕ್ಕೆ ಸಿಗಲು ಮೊದಲು ಆದಿತಾಳ ಕಲಿಯಿರಿ. ತೊಡೆಯ ಮೇಲೆ ಅಂಗೈಯಿಂದ ಒಂದು ಪೆಟ್ಟು. ಕಿರುಬೆರಳು, ಉಂಗುರಬೆರಳು, ನಡುಬೆರಳು ಎಂದು ಒಂದೊಂದೇ ಎಣಿಸಿ. ಮತ್ತೆ ಪೆಟ್ಟು, ಅಂಗೈ ಮೇಲಕ್ಕೆ ತಿರುವು. ಇನ್ನೊಮ್ಮೆ ಪೆಟ್ಟು, ತಿರುವು. ಒಟ್ಟು 8 ಎಣಿಕೆ. ಹೊಸಬರ ತಾಳ ತಪ್ಪುವುದು ಎಡುಪಿನಲ್ಲಿ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗದಲ್ಲಿ. ಸಾಹಿತ್ಯ ಎಷ್ಟೋ ಸಲ ಪೆಟ್ಟಿನ ಮೇಲಲ್ಲ, ಅದು ಬಿದ್ದ ಮೇಲೆ ಶುರುವಾಗುತ್ತದೆ. ಹಾಡಿನ ಮೊದಲ ಅಕ್ಷರವನ್ನೇ ಒಂದನೇ ಎಣಿಕೆ ಎಂದುಕೊಂಡರೆ ಲೆಕ್ಕ ಅಲ್ಲಿಂದಲೇ ಜಾರುತ್ತದೆ. ಗಾಯಕರ ಕೈ ನೋಡಿ ಸರಿಪಡಿಸಿಕೊಳ್ಳಿ. ತಾಳ ಹಾಕುವ ಸದ್ದು ಪಕ್ಕದವರಿಗೆ ಕೇಳಿಸದಿರಲಿ. ತನಿಯನ್ನು ಮುಗಿಸುವ ಲೆಕ್ಕಾಚಾರದ ನುಡಿಕಟ್ಟಾದ ಕೋರ್ವೆ ಮೂರು ಸಲ ಬರುತ್ತದೆ. ಮೂರನೆಯದು ಮುಗಿಯುತ್ತಿದ್ದಂತೆ ಗಾಯಕರು ಕೃತಿಯ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಆ ಕ್ಷಣ ಒಮ್ಮೆ ಕೈಗೆ ಸಿಕ್ಕರೆ ಮತ್ತೆಂದೂ ತನಿಯ ನಡುವೆ ಎದ್ದು ಹೋಗಲಾರಿರಿ.

ನಂತರ ದೇವರನಾಮ, ಜಾವಳಿ, ತಿಲ್ಲಾನದಂಥ ಚಿಕ್ಕ ರಚನೆಗಳು, ಕೊನೆಗೆ ಮಂಗಳ. ಮಂಗಳ ಮುಗಿಯುವವರೆಗೂ ಕೂತಿರಿ.

ಆಲಾಪನೆ ಮುಗಿದಾಗ, ಕೃತಿ ಮುಗಿದಾಗ ಚಪ್ಪಾಳೆ ತಟ್ಟಿ. ಚೆಂದದ ಸಂಗತಿಗೆ (ಹಾಡಿನ ಸಾಲನ್ನು ಹೊಸ ಬಗೆಯಲ್ಲಿ ಹಾಡಿದಾಗ) ಮೆಲ್ಲಗೆ ‘ಭೇಷ್’ ಎನ್ನುವುದೂ ವಾಡಿಕೆ. ಬೆಂಗಳೂರಿಗೋ ಮುಂಬೈಗೋ ಹೋಗಿ ಪಾಶ್ಚಾತ್ಯ ಸಂಗೀತ ಕೇಳುವಾಗ ಈ ರೂಢಿ ನಡೆಯದು. ಸಿಂಫನಿಯ (ದೊಡ್ಡ ವಾದ್ಯವೃಂದದ ರಚನೆ) ಭಾಗಗಳ ನಡುವಿನ ಮೌನದಲ್ಲಿ ಚಪ್ಪಾಳೆ ಬೇಡ. ಕೊನೆಯ ಭಾಗ ಮುಗಿದು ವಾದ್ಯವೃಂದದ ನಿರ್ದೇಶಕರು ಕೈ ಇಳಿಸುವವರೆಗೆ ಕಾಯಿರಿ. ಬ್ಯಾಲೆಯಲ್ಲಿ ಒಂಟಿ ನೃತ್ಯ ಮುಗಿಸಿ ಕಲಾವಿದೆ ವಂದಿಸಿದಾಗ ತಟ್ಟಬಹುದು. ಅಲ್ಲಿ ತಡವಾಗಿ ಹೋದವರನ್ನು ವಿರಾಮದವರೆಗೆ ಹೊರಗೇ ನಿಲ್ಲಿಸುವುದುಂಟು, ಆದ್ದರಿಂದ ದಾರಿಯ ಲೆಕ್ಕಕ್ಕೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ.